ಮಳೆ ಎಂದು ಬರೆದ ದಿನಗಳು

ನನ್ನನ್ನು ರೈಟರಮ್ಮ ಅನ್ನುತ್ತಿದ್ದರು.
ಕೀಲಾರದಾಚೆ ಹಳ್ಳಕ್ಕೆ ಸೇತುವೆ ಕಟ್ಟುವಾಗ
ಸಿಮೆಂಟು ಬಂದದ್ದು, ಆಳು ಬಾರದ್ದು,
ಜಲ್ಲಿ ಲಾರಿ ಹೂತದ್ದು, ಎಲ್ಲ
ಉದ್ದನೆಯ ಪುಸ್ತಕದಲ್ಲಿ ನನ್ನ ಕೈಬರಹ.
ಹವಾಮಾನ ಎಂದೊಂದು ಕಲಂ ಇತ್ತು.
ಅದರಲ್ಲಿ ಒಂದೇ ಪದದಷ್ಟು ಜಾಗ.

ಬೋರಲಿಂಗಯ್ಯನವರು ಕೆಟ್ಟವರಲ್ಲ.
ಮೊದಲ ಬಿಲ್ಲು ಬಾರದಾಗ ಹೆಂಡತಿಯ ಅಡ್ಡಿಕೆ ಬ್ಯಾಂಕಿನಲ್ಲಿಟ್ಟು
ಶನಿವಾರದ ಬಟವಾಡೆ ತಪ್ಪಿಸಲಿಲ್ಲ.
ಹಳ್ಳಕ್ಕೆ ಬಿಟ್ಟಿದ್ದ ನಾಲೆ ನೀರನ್ನು
ತಿರುಗಿಸಿಕೊಡಬೇಕಾದವರು
ತಿರುಗಿಸಿದ್ದು ಮೂವತ್ತೆಂಟು ದಿನ ಕಳೆದು.
ಆಮೇಲೆ ಕರೆಂಟು ಕಂಬ.
ಅದು ಸರಿಯುವವರೆಗೆ ಕೈ ಹಾಕಬೇಡಿ ಎಂದು
ಇಂಜಿನಿಯರು ಜೀಪಿನಿಂದ ಇಳಿಯದೆ ಹೇಳಿ ಹೋದರು.
ಬಾಯಲ್ಲಿ ಹೇಳಿದ್ದಕ್ಕೆ
ಪತ್ರಸಂಖ್ಯೆ ಎಲ್ಲಿಂದ ತರುವುದು?

ಆ ಕಂಬದ ನೆರಳಲ್ಲಿ ಕೂತ ದಿನಗಳಿಗೆ ಬೇರೆ ಹೆಸರು ಸಿಗದೆ
“ಮಳೆ ಅಂತ ಬರ್ಕೊ ತಾಯಿ” ಅಂದರು.
ಬರೆದೆ. ಹನ್ನೊಂದು ದಿನ.
ಹನ್ನೊಂದನೆಯದನ್ನು ಬರೆಯುವಾಗ
ಪುಟದ ಮೇಲೆ ಹಣೆಯ ಬೆವರು ಬಿತ್ತು.
ಒರೆಸಲಿಲ್ಲ, ಅಷ್ಟಾದರೂ ಒದ್ದೆಯಿರಲಿ ಎಂದು.

ಆಮೇಲೆ ಚಿತ್ತೆ ಬಂತು.
ಕುರುಡು ಚಿತ್ತೆ ಎರಚಿದಲ್ಲಿ ಬೆಳೆ, ಅನ್ನುತ್ತಿದ್ದಳು ಅಜ್ಜಿ.
ಯಾರ ಹೊಲ ಎಂದು ಅದು ಕೇಳುವುದಿಲ್ಲ.
ಆ ರಾತ್ರಿ ನಮ್ಮ ಮೇಲೆ ಎರಚಿತು.
ಮಾರನೆಯ ಬೆಳಿಗ್ಗೆ ಸ್ಲ್ಯಾಬು ಹಾಕುವುದಿತ್ತು, ಕಂಬಿ ಕಟ್ಟಿ ಮುಗಿದಿತ್ತು.
ಗದ್ದೆಗದ್ದೆಯ ನೀರೆಲ್ಲ ಹಳ್ಳಕ್ಕೆ ನುಗ್ಗಿ
ಬೊಂಬುಗಳ ಬುಡ ಎತ್ತಿತು.
ಸೆಂಟ್ರಿಂಗು ಮಗ್ಗುಲಿಗೆ ವಾಲಿದ ಸದ್ದು
ತುಂಬಿದ ಹಸು ಮಲಗುವಾಗ ಬಿಡುವ ಉಸಿರಿನಂತಿತ್ತು.
ಖಲಂದರ್ ಮೇಸ್ತ್ರಿ ಎದೆಮಟ್ಟದ ನೀರಲ್ಲಿ ಹಲಗೆ ತಬ್ಬಿಕೊಂಡು
ಕೂಗುತ್ತಿದ್ದ, ಟಾರ್ಚು, ರೈಟರಮ್ಮಾ, ಟಾರ್ಚು.
ಬೆಳಿಗ್ಗೆ ನೋಡಿದರೆ
ಎರಡು ಫರ್ಲಾಂಗು ಆಚೆಯ ರಸ್ತೆಯಲ್ಲಿ ಧೂಳು.
ಕಲಂನಲ್ಲಿ ಬರೆದೆ: ಮಳೆ.
ಅದೇ ಪದ. ಅದೇ ಪೆನ್ನು.

ಮೈಸೂರಿನಲ್ಲಿ ವಿಚಾರಣೆ.
ತಡವಾದದ್ದು ನೂರಹದಿನೇಳು ದಿನ,
ದಿನವೊಂದಕ್ಕೆ ನಾಲ್ಕು ಸಾವಿರದ ಇನ್ನೂರು ದಂಡ.
ನೀರಿನ ಮೂವತ್ತೆಂಟನ್ನು ಮಧ್ಯಸ್ಥರು ತಾವೇ ಕಳೆದರು.
ಉಳಿದದ್ದು ಎಪ್ಪತ್ತೊಂಬತ್ತು.
ಆಗ ಸರ್ಕಾರದ ವಕೀಲರು
ವಿ.ಸಿ. ಫಾರಂನ ಮಳೆಮಾಪಕದ ಪುಸ್ತಕ ತೆರೆದರು.
ನನ್ನ ಹನ್ನೊಂದು ದಿನಕ್ಕೂ ಅಲ್ಲಿ ಸೊನ್ನೆ.
ಚಿತ್ತೆಯ ರಾತ್ರಿಗೂ ಸೊನ್ನೆ.
ಎಷ್ಟು ದುಂಡಗೆ ಬರೆದಿದ್ದರು,
ನನ್ನ ಹಾಗೆ ಬರೆಯುವುದೇ ಕೆಲಸವಾದ ಯಾರೋ.

“ಚೆಲುವಾಜಮ್ಮನವರೆ, ಇದು ನಿಮ್ಮ ಅಕ್ಷರವೆ?”
ಹೌದು.
“ಈ ಹನ್ನೆರಡರಲ್ಲಿ ಮಳೆ ಬಂದದ್ದು ಯಾವತ್ತು?”
ಫಾರಂಗೂ ನಮಗೂ ನಡುವೆ ಏಳು ಮೈಲಿ ಕಬ್ಬು ಸ್ವಾಮಿ,
ಚಿತ್ತೆ ಮಳೆ ಕುರುಡು ಸ್ವಾಮಿ, ಅಂದೆ.
ಯಾರೋ ನಕ್ಕರು.
ಮಧ್ಯಸ್ಥರು ನಗಲಿಲ್ಲ, ಬೇಸಾಯದ ಮನೆಯವರಿರಬೇಕು.
ಪೆನ್ನೆತ್ತಿ ತುಸು ಹೊತ್ತು ತಡೆದರು.
ಆಮೇಲೆ ಹನ್ನೆರಡಕ್ಕೂ ಸೇರಿಸಿ ಒಂದೇ ಗೆರೆ.
ಖಲಂದರನ ಎದೆಮಟ್ಟದ ನೀರೂ
ಮತ್ತೆ ಬೊಂಬು ನಿಲ್ಲಿಸಿದ ಹತ್ತೊಂಬತ್ತು ದಿನವೂ
ಆ ಗೆರೆಯೊಳಗೇ ಹೋದವು.

ಸಬರ್ಬನ್ ಬಸ್‌ಸ್ಟ್ಯಾಂಡಿನ ಬಳಿ
ಬೋರಲಿಂಗಯ್ಯನವರು ಕಬ್ಬಿನ ಹಾಲು ಕೊಡಿಸಿದರು.
ಬೈಯಲಿಲ್ಲ.
ಗ್ಲಾಸಿನೊಳಕ್ಕೆ ನೋಡುತ್ತಾ ಕೇಳಿದರು:
“ಅವತ್ತು ನಾನು ಇಲ್ಲೇ ಮೈಸೂರಲ್ಲಿದ್ದೆ ಕಣವ್ವ.
ಬರೋ ಹೊತ್ಗೆ ನೀರು ಇಳ್ದೋಗಿತ್ತು, ದಾರಿಯೆಲ್ಲ ಒಣಗಿತ್ತು.
ನಿಜ ಹೇಳು,
ಮಳೆ ಹುಯ್ತಾ,
ಇಲ್ಲಾ ಆ ಮೇಸ್ತ್ರಿ ಸರ್ಯಾಗಿ ಕಟ್ಟಿರ್ನಿಲ್ವಾ?”

ಗಾಣದ ಗೆಜ್ಜೆ ಸುಮ್ಮನಾಗಲಿ ಎಂದು ಕಾದೆ.
ಅದು ಇನ್ನೊಂದು ಜಲ್ಲೆ ನುಂಗಿತು.