ಕೆರೆದ ನಂಬರು

ಶ್ರೀರಾಮಪುರದಲ್ಲಿ, ಇಸ್ತ್ರಿ ಅಂಗಡಿಗೂ ಹೂವಿನ ಬುಟ್ಟಿಗೂ ನಡುವೆ
ಆರಡಿ ಅಗಲದ ನನ್ನ ಅಂಗಡಿ.
ಬೆಳಿಗ್ಗೆ ಪಂಕಜವಲ್ಲಿ ಟೀಚರು
ಟವಲಿನಲ್ಲಿ ಸುತ್ತಿ ತಂದಿಟ್ಟರು ಹಳೇ ರೇಡಿಯೊ:
'ಗೊರಗೊರ ಅನ್ನುತ್ತೆ,
ವಾರ್ತೆ ಹೊತ್ತಿಗೆ ಸರಿಯಾಗಿ ಸುಮ್ಮನಾಗುತ್ತೆ.'

ಬೆನ್ನು ಬಿಚ್ಚಿದೆ.
ಜಿರಳೆ ಮೊಟ್ಟೆ, ಒಂದು ಹೇರ್‌ಪಿನ್ನು, ಸೋರಿದ ಸೆಲ್ಲಿನ ಹಸಿರು ಉಪ್ಪು.
ಸ್ಪೀಕರಿನ ಹತ್ತಿರ ಅಕ್ಕಪಕ್ಕ ನಿಂತಿವೆ
ತಗಡಿನ ಟೋಪಿಯ ಎರಡು ಟ್ರಾನ್ಸಿಸ್ಟರು.
ಒಂದನ್ನು ಮುಟ್ಟಿದರೆ ಬೆರಳು ಚುರ್ರೆನ್ನುತ್ತೆ.
ಇನ್ನೊಂದು ತಣ್ಣಗೆ.
ಎರಡರ ಮೈಮೇಲೂ ನಂಬರಿಲ್ಲ.
ಸವೆದದ್ದಲ್ಲ, ಬ್ಲೇಡಿನಲ್ಲಿ ಕೆರೆದದ್ದು.

ಕೆರೆದವರು ಯಾರೆಂದು ಬೆಸುಗೆಯೇ ಹೇಳಿತು:
ಕಾಳುಮೆಣಸಿನಷ್ಟು ಗುಂಡಗೆ, ತುದಿ ಎಡಕ್ಕೆ ವಾಲಿ.
ನಮ್ಮ ಮೇಸ್ತ್ರಿ ಲೂರ್ದುಸ್ವಾಮಿ ಎಡಚ.
ಇಡೀ ಕಾಟನ್‌ಪೇಟೆಯಲ್ಲಿ ಹಾಗೆ ಬೆಸೆಯುತ್ತಿದ್ದುದು ಅದೊಂದೇ ಕೈ.
'ಹೆಸರು ಕೆರೆದ್ಬಿಡು ಮಗಾ, ಗಿರಾಕಿ ತಿರುಗಿ ನಮ್ಮತ್ರಾನೇ ಬರ್ತಾನೆ'
ಎಂದು ಬ್ಲೇಡು ಕೊಟ್ಟಾಗ ನನಗೆ ಹದಿಮೂರು.
ಅವರು ಹೋಗಿ ಹನ್ನೊಂದು ವರ್ಷ.
ಗಿರಾಕಿ ಬಂದರು.

ಬಿಸಿಯದು ಸತ್ತಿದೆ. ಯಾವೆರಡು ಕಾಲು ಹಿಡಿದರೂ
ಮೀಟರು ಕೀ ಎಂದು ಒಂದೇ ರಾಗ.
ಬದುಕಿರುವ ಜೋಡಿಯನ್ನೇ ಕೇಳಬೇಕು.
ಬಿಡಿಸಿ ತೆಗೆದು, ಕಪ್ಪು ಕಡ್ಡಿ ನಡುಗಾಲಿಗೆ,
ಕೆಂಪು ಆಚೆಗೊಮ್ಮೆ ಈಚೆಗೊಮ್ಮೆ: ಎರಡೂ ಕಡೆ ಹರಿಯಿತು.
ಕಡ್ಡಿ ಅದಲುಬದಲು ಮಾಡಿದರೆ ಬಾಯಿ ಬಿಗಿ.
ಸರಿ, ಪಿಎನ್‌ಪಿ.
ಅಂಕಿ ಪಾಯಿಂಟ್ ಆರಲ್ಲ, ಎರಡರ ಸುತ್ತ ಆಡುತ್ತಿದೆ.
ಸಿಲಿಕಾನ್ ಅಲ್ಲ ಇದು, ಜರ್ಮೇನಿಯಂ;
ಉಸಿರು ತಾಕಿದರೂ ಕದಲುತ್ತೆ
ಬಾಗಿಲ ಸಂದಿಯ ದೀಪದ ಹಾಗೆ.

ಎಸ್‌.ಪಿ. ರೋಡಿನಲ್ಲಿ ಮಟಮಟ ಮಧ್ಯಾಹ್ನ.
ಎಲ್ಇಡಿ ಪಟ್ಟಿ, ಡ್ರೋನಿನ ರೆಕ್ಕೆ, ಸಿಸಿಟಿವಿ ಕಣ್ಣುಗಳ ರಾಶಿ ದಾಟಿ
ಮೂರನೇ ಮಹಡಿಯಲ್ಲಿ ಜಬೀವುಲ್ಲಾನ ಗೂಡು.
'ಜರ್ಮೇನಿಯಮ್ಮಾ? ನಮ್ಮಪ್ಪನ ಕಾಲದ್ದು ಗುರು ಅದು. ನಂಬರ್ ಹೇಳು.'
'ನಂಬರಿಲ್ಲ.'
'ಹಂಗಾದ್ರೆ ಜಾತಿ ಹೇಳು.'
'ಪಿಎನ್‌ಪಿ.'
ನಕ್ಕು, ಬಿಸ್ಕತ್ತಿನ ಡಬ್ಬಿಯೊಂದನ್ನು ಪೇಪರಿನ ಮೇಲೆ ಸುರಿದ.
ಎರಡು ಟೀ ಮುಗಿಯುವ ತನಕ ಇಬ್ಬರೂ ಅಳೆದೆವು:
ಇದು ಸೋರುತ್ತೆ, ಇದಕ್ಕೆ ಬಲ ಸಾಲದು, ಇದು ಅತಿ ಚುರುಕು.
ಹದಿನೇಳನೆಯದು, ಎಸಿ ನೂರ ಇಪ್ಪತ್ತೆಂಟು,
ನನ್ನದರ ಗೇನಿಗೆ ಹೆಚ್ಚೂಕಡಿಮೆ ಹೊಂದಿತು.
ಎಷ್ಟಾಯ್ತು ಅಂದರೆ
ಅವನಿಗೆ ಬೆಲೆಯೇ ಗೊತ್ತಿಲ್ಲ.

ಬಿಸಿ ಒಳಗೇರದಂತೆ ಕಾಲನ್ನು ಇಕ್ಕಳದಲ್ಲಿ ಕಚ್ಚಿ ಹಿಡಿದು
ಮೂರೆಣಿಸುವಷ್ಟರಲ್ಲಿ ಬೆಸೆದೆ. ಸೆಲ್ಲು ಹಾಕಿದೆ.
ಗಂಟಲು ಸರಿಮಾಡಿಕೊಂಡು ಯಾರೋ
ಟೊಮೆಟೊ ಧಾರಣೆ ಓದತೊಡಗಿದರು.

ಬ್ಲೇಡು ಅದಾಗಲೇ ಕೈಗೆ ಬಂದಿತ್ತು, ನಾನು ಕರೆಯದೆ.
ಅಷ್ಟರಲ್ಲಿ ಟೀಚರು: 'ಏನಾಗಿತ್ತಪ್ಪಾ ಅದಕ್ಕೆ?'
ಹೇಳುತ್ತಾ ಹೇಳುತ್ತಾ ಆ ಬ್ಲೇಡಿನಲ್ಲೇ ಪೆನ್ಸಿಲು ಹೆರೆದು
ಮುಚ್ಚಳದ ಒಳಮೈಯಲ್ಲಿ ಬರೆದೆ
ನಂಬರು, ತಾರೀಕು,
ಕೆಳಗೆ ಮೇಸ್ತ್ರಿಯ ಹೆಸರು.
ನನ್ನದಕ್ಕೂ ಜಾಗವಿತ್ತು.
ಸ್ಕ್ರೂ ಬಿಗಿದೆ.