ಅದೇ, ಪುಟ ೪೨

ಓಬಳೇಶ ಮೂರನೇ ಸಲ ಬಂದಿದ್ದಾನೆ ಪೆನ್‌ಡ್ರೈವ್ ಹಿಡಿದು,
ಅಂಗಡಿ ಶೆಟರ್ ಅರ್ಧ ಎಳೆದ ಮೇಲೆ.
ಎಡಕ್ಕೆ ಒಂದೂವರೆ ಇಂಚು, ಬೈಂಡಿಂಗಿಗೆ;
ಉಳಿದ ಮೂರು ಕಡೆ ಒಂದೊಂದು.
"ಅಕ್ಕಾ, ಗೈಡು ಅಲ್ಪವಿರಾಮಕ್ಕೂ ಕೆಂಪು ಸುತ್ತಿದಾರೆ."

ಹದಿನಾಲ್ಕು ವರ್ಷ ವಿದ್ಯಾನಗರದ ಈ ಮೂಲೆಯಲ್ಲಿ
ಊರವರ ಪಿಎಚ್.ಡಿ. ಜೋಡಿಸಿದವಳು ನಾನು.
ಪಿಯುಸಿ ಫೇಲು.
ಆದರೂ ಗೊತ್ತು: ಪುಸ್ತಕದ ಹೆಸರು ಓರೆ ಅಕ್ಷರ,
ಇಸವಿ ಕಂಸದೊಳಗೆ,
ಮನೆತನದ ಹೆಸರು ಮೊದಲು, ಆಮೇಲೆ ಅಲ್ಪವಿರಾಮ.
ಮನೆತನದ ಹೆಸರೇ ಇಲ್ಲದವರಿಗೆ ಏನು ಮಾಡಬೇಕೆಂದು
ಕೈಪಿಡಿಯಲ್ಲಿಲ್ಲ.
ಅಪ್ಪನ ಮೊದಲಕ್ಷರವನ್ನೇ ಹಿಂದಕ್ಕೆ ತಳ್ಳಿ
ಇಲ್ಲೀತನಕ ನಡೆಸಿಕೊಂಡು ಬಂದಿದ್ದೇನೆ.

ಇವನದು ಮಂಡಕ್ಕಿ ಭಟ್ಟಿಯ ಕೂಲಿಯವರ ಅಧ್ಯಯನ.
ಎರಡನೇ ಅಧ್ಯಾಯದಲ್ಲಿ ಒಂದು ಸಾಲು:
"ಇಲ್ಲಿ ಮೊದಲ ಭಟ್ಟಿ ಹೊತ್ತಿಸಿದ್ದು ಒಬ್ಬ ಹೆಣ್ಣುಮಗಳು."
ಅರೆ, ಈ ಸಾಲು ನನ್ನ ಬೆರಳಿಗೆ ಪರಿಚಯ!
ಹಳೇ ಫೋಲ್ಡರ್ ತೆರೆದೆ. ೨೦೧೯ರ ಶಾಂತಲಿಂಗಪ್ಪನವರು
೨೦೧೩ರ ಗಿರಿಜಾಂಬೆಯವರನ್ನು ನೋಡಿ ಅಂದಿದ್ದಾರೆ.
ನೋಡಿದೆ.
ಗಿರಿಜಾಂಬೆಯವರ ಅಡಿಟಿಪ್ಪಣಿ: ಅದೇ, ಪುಟ ೪೨.

ಅದೇ ಅಂದರೆ ಯಾವುದು?
ಮೇಲಿನ ಟಿಪ್ಪಣಿ ಇಲ್ಲ.
ನೆನಪಾಯಿತು. ಅವತ್ತು ಕೋಷ್ಟಕ ಎರಡು ಪುಟಕ್ಕೆ ಹರಿದುಹೋಗುತ್ತಿತ್ತು,
ಕರೆಂಟು ಬೇರೆ ಹೋಗಿ ಬಂದು,
ಎರಡು ಸಾಲು ನಾನೇ ತೆಗೆದಿದ್ದೆ.
ಯಾರೂ ಕೇಳಲಿಲ್ಲ. ಡಾಕ್ಟರೇಟ್ ಬಂತು, ಪೇಡೆ ಕೊಟ್ಟರು.

ಓಬಳೇಶನಿಗೆ ಹೇಳಲಿಲ್ಲ.
ಅವನು ಹೆಮ್ಮೆಯಿಂದ ಮೊಬೈಲ್ ಮುಂದೆ ಹಿಡಿದ:
"ನಂದು ನೇರ ಆಕರ ಅಕ್ಕಾ. ಖೈರುನ್‌ಬಿ, ಎಂಬತ್ತು ವರ್ಷ."
ಕಾದ ಮರಳಿನ ಸದ್ದು, ಜರಡಿ,
ಅದರ ನಡುವೆ ಒಂದು ಕೆಮ್ಮು:
"ಹೌದಪ್ಪಾ, ಹೆಣ್ಮಗಳೇ ಅಂತೆ. ನನಗೇನ್ ಗೊತ್ತು?
ಕಾಲೇಜಿನ ಹುಡುಗಿ ಬರ್ಕಂಡು ಹೋಗಿತ್ತಲ್ಲ,
ಅದ್ರಾಗ ಐತಂತೆ.
ನನಗೆ ಗೊತ್ತಿರದು ಕೇಳು.
ಅಕ್ಕಿಗೆ ಉಪ್ಪುನೀರು ಎಷ್ಟು ಕುಡಿಸ್ಬೇಕು,
ಮರಳು ಕಾದದ್ದು ಹೊಗೆ ವಾಸ್ನೆಯಾಗೆ ಹೆಂಗೆ ತಿಳಿತೈತೆ..."

ಅಷ್ಟರಲ್ಲಿ ಅವನು ಮುಂದಕ್ಕೆ ಓಡಿಸಿದ.
"ಅದು ವಿಷಯಕ್ಕೆ ಸಂಬಂಧ ಇಲ್ಲ, ಬಿಟ್ಟಿದೀನಿ."

ಆಕರಸೂಚಿಗೆ ಬಂದೆ.
ಖೈರುನ್‌ಬಿ, ಅಂತ ಹೊಡೆದು ಕರ್ಸರ್ ನಿಲ್ಲಿಸಿದೆ.
"ಮುಂದೆ?"
"ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ."
ಅಲ್ಪವಿರಾಮ ಅಳಿಸಿದೆ. ಮತ್ತೆ ಹಾಕಿದೆ.
ರೆಕಾರ್ಡಿಂಗ್ ನಿಲ್ಲಿಸೋದನ್ನ ಅವನು ಮರೆತಿದ್ದ,
ಮರಳಿನಲ್ಲಿ ಅಕ್ಕಿ ಚಟಪಟ ಅನ್ನುತ್ತಿತ್ತು,
ಹಿಂದಿನಿಂದ ಬೇರೆ ಯಾರೋ ಅಂದರು,
ಉಪ್ಪು ಕಮ್ಮಿ ಆತು.