ಲಾಭ, ಎರಡು, ಮೂರು

ಮೂವತ್ತೊಂದು ವರ್ಷ ಪುಣೆಯ ಮಾರ್ಕೆಟ್ ಯಾರ್ಡಿನಾಗ
ಉಳ್ಳಾಗಡ್ಡಿ ಚೀಲ ಹೊತ್ತ ಬೆನ್ನು ಇದು.
ಹೊಟ್ಟೀ ಸಲುವಾಗಿ ಇಂಡಿ ಬಿಟ್ಟು ಬಂದಾಂವ,
ಕಡೀಕ ಹೊಟ್ಟೀನ ಕೈ ಕೊಟ್ಟಿತು.

ಈಗ ನನ್ನ ಮುಂದ ಒಂದು ಪ್ಲಾಸ್ಟಿಕ್ ಡಬ್ಬಿ,
ಒಳಗ ಮೂರು ಗೋಲಿ.
ನಳಿಗಿ ಬಾಯಾಗಿಟ್ಟು ಉಸುರು ಎಳದ್ರ
ಗೋಲಿ ಮ್ಯಾಲೇಳಬೇಕಂತ.
ಒಂದು ಏಳ್ತೈತಿ. ಅದೂ ಅರ್ಧ.
ಎರಡನೇದು ಸುಮ್ಮನ ನನ್ನ ನೋಡ್ಕೋತ ಕುಂತೈತಿ,
ಮುಕಾದಮ ಬರೂತನ ಏಳದ ಹೊಸಾ ಹುಡುಗನಂಗ.

ಗೇಣುದ್ದ ಕರಳು ಕೊಯ್ದು ತಗದಾರ.
ಉಳಿದ ತುದಿ ಹೊಟ್ಟಿ ಮ್ಯಾಲೆ ತಂದು ಹೊಲದು
ಅದಕೊಂದು ಚೀಲ ಕಟ್ಯಾರ.
ಚೀಲ!
ಸಾವಿರ ಲಾರಿ ಖಾಲಿ ಮಾಡಿದವಗ
ಇಳಿಸೂ ಹಂಗಿಲ್ಲದ ಚೀಲ,
ಹಮಾಲಿ ಕೇಳೂ ಹಂಗಿಲ್ಲದ ಚೀಲ.

ದಿನಾ ಹತ್ತಕ್ಕ ವೃಷಾಲಿ ಬರ್ತಾಳ,
ವ್ಯಾಯಾಮ ಮಾಡ್ಸಾಕಿ, ನನ್ನ ಮಗಳಿಗಿಂತ ಸಣ್ಣಾಕಿ.
"ಕಾಕಾ, ಚಲಾ."
ಪಾದ ಮ್ಯಾಲೆ, ಪಾದ ಕೆಳಗ. ಮೊಣಕಾಲು ಮಡಚು.
ಕೆಮ್ಮು ಬಂದ್ರ ದಿಂಬು ಹೊಟ್ಟಿಗಿ ಅವಚಿ ಹಿಡಿ.
ನಾ ಕೆಮ್ಮಲೇ ಇಲ್ಲ. ಮೂರು ದಿನ ನುಂಗಿದೆ.
ಹೊಲಿಗಿ ಬಿಚ್ಚಿದ್ರ?
ಚೀಲದ ಹೊಲಿಗಿ ಬಿಚ್ಚೂದು ನೋಡೀನಿ ನಾ.
ಒಂದು ಎಳಿ ಸಿಕ್ಕರ ಸಾಕು, ಸರ್ರಂತ ಬಾಯಿ ತಗೀತೈತಿ,
ಗಾಳಾ ತುಂಬ ಉಳ್ಳಾಗಡ್ಡಿ ಉರುಳ್ಯಾಡ್ತಾವ.

ನಾಕನೇ ದಿನ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದೆ.
ನಾಳೆ ಮಾಡೂಣು, ಅಂದೆ.
ಆಕಿ ಬೈಲಿಲ್ಲ. ಹೋಗಲೂ ಇಲ್ಲ.
ಸ್ಟೂಲ್ ಎಳಕೊಂಡು ಕೂತ್ಲು.
ಕಿಡಕಿ ಆಚೆ ಸ್ವಾರಗೇಟಿನ ಬಸ್ಸು ಒದರಿ ಒದರಿ ಸುಮ್ಮನಾದ ಮ್ಯಾಲೆ
"ಯಾತರ ಅಂಜಿಕಿ?" ಅಂದ್ಲು ಮರಾಠಿಯೊಳಗ.

ಅಂಜಬ್ಯಾಡ ಅಂತ ಊರ ಮಂದಿ ಹೇಳಿದ್ರು.
ಯಾತರದು ಅಂತ ಕೇಳಿದಾಕಿ ಈಕಿ ಒಬ್ಬಾಕಿ.

ಹೇಳಿದೆ.
ಹೊಲಿಗಿದು. ವಾಸನಿದು.
ರೇವವ್ವ ಮಗ್ಗಲಾಗ ಮಲಗಾಕ ಹೇಸಿದ್ರ, ಅದು.
ಗಾಳಿ ತುಂಬಿ ಚೀಲ ಗುರ್ ಅಂದಾಗ
ಚಹಾದ ಗಾಡಿ ಮುಂದಿನ ಮಂದಿ ತಿರುಗಿ ನೋಡೂದು.
ಇನ್ನೊಂದು ಮೆಲ್ಲಕ ಹೇಳಿದೆ,
ಹೊರಲಾರದ ಹಮಾಲಗ
ಏನಂತ ಕರೀತಾರ, ತಾಯಿ?

ಅದಕ್ಕ ಉತ್ತರ ಕೊಡಲಿಲ್ಲ ಆಕಿ.
ಪೆನ್ನಿಗಿ ಟೋಪಿ ಹಾಕಿ ಕಿಸೆದಾಗಿಟ್ಲು.
ಎಷ್ಟೋ ಹೊತ್ತಿನ ಮ್ಯಾಲೆ
"ಚೀಲ ಎಣಸೂದು ಹೆಂಗ? ನನಗ ಕಲಸ್ರಿ."

ನಮ್ಮ ಎಣಿಕಿ ಒಂದರಿಂದ ಸುರು ಆಗೂದಿಲ್ಲವಾ.
ಮೊದಲಿಂದಕ್ಕ ಲಾಭ ಅಂತೀವಿ.
ರಾಶಿ ಹುಸಿ ಹೋಗಿರಲಿ, ಸಾಹುಕಾರ ಮುಳುಗಿರಲಿ,
ಮೊದಲಿಂದು ಲಾಭ. ಆಮ್ಯಾಲೆ ಎರಡು, ಮೂರು.
"ಹಂಗಾದ್ರ ಮೊದಲನೇ ಹೆಜ್ಜಿ?"
ನಗಿ ಬಂತು. ಹಾಳಾದ್ದು, ನಕ್ಕರೂ ನೋವು.
ದಿಂಬು ಅವಚಿದೆ.
ನಗಿ ಬೆನ್ನು ಹತ್ತಿ ಮೂರು ದಿನದ ಕೆಮ್ಮೂ ಬಂತು,
ಮಂಚ ಅಳ್ಳಾಡೂವಂಗ.
ಕೈಯಿಟ್ಟು ನೋಡಿದೆ. ಹೊಲಿಗಿ ಇದ್ದಲ್ಲೇ ಇತ್ತು.

ಲಾಭ.
ಎರಡು.
ಮೂರು. ಆಕಿ ಕೈ ನನ್ನ ಮೊಣಕೈ ಹತ್ತರ,
ಹಿಡದಿಲ್ಲ, ಬರೇ ಐತಿ.
ನಾಕು ಅಂದೆ, ಮೂಗು ಮುಟ್ಟಿ ತೋರಿಸಿದ್ಲು,
ಅವರ ಮಾತಿನ್ಯಾಗ ನಾಕ್ ಅಂದ್ರ ಅದು.
ಐದು. ಆರಕ್ಕ ಗ್ವಾಡಿ ಹಿಡದು ನಿಂತೆ,
ಕಾಲು ತೊಯ್ದ ಅರಿವಿ ಆಗಿದ್ವು.
"ಮುಂದಿಂದು?"
ಏಳು, ಅಂದೆ.
ನಸುಕಿನ್ಯಾಗ ಅವ್ವ ಎಬ್ಬಸತಿದ್ದ ಮಾತೂ ಅದ.
ಆಕಿಗಿ ಅದನ್ನ ಹೇಳಲಿಲ್ಲ,
ನನಗs ಹೇಳಿಕೊಂಡೆ. ಕಾಲು ಕೇಳಿತು.

ಸಂಜಿಗಿ ರೇವವ್ವ ಗಂಜಿ ತಂದ್ಲು.
ಎಷ್ಟು ನಡದಿ?
ಹನ್ನೊಂದು, ಲಾಭ ಹಿಡದು.
ಬೆರಳು ಮಡಚಿ ಲೆಕ್ಕ ನೋಡಿದ್ಲು, ನಂಬಿಕಿ ಇಲ್ಲದಾಕಿ.
ಆಮ್ಯಾಲೆ ಹಚ್ಚಡ ಸರಿಸಿ, ಬಗ್ಗಿ,
ಮನ್ಯಾಗಿನ ಜ್ವಾಳದ ಚೀಲಕ್ಕ ಕೇಳಿದಂಗ ಕೇಳಿದ್ಲು:
ಬಾಯಿ ಬರೋಬರಿ ಕಟ್ಟಿಯೇನು?